ಹನ್ನೊಂದು ಹಕ್ಕಿಗಳ ಕಾಲು

ಜನವರಿ 9

ಅಪ್ಪಾ,

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಕೇಳಿಸಿದ ಅರ್ಧಕ್ಕೂ ಹೂಂಗುಟ್ಟಿ ಸುಮ್ಮನಾಗುತ್ತೀರಿ. ಹಾಗಾಗಿ ಈ ಕಾಗದ.

ಮನೆಯೊಡತಿಯನ್ನು ಮ್ಯೂಸಿಯಂನ ಉಗ್ರಾಣದಿಂದ ಹೊರಗೆ ತಂದೆವು. ಈಜಿಪ್ಟಿನ ಕೋಣೆಯ ಚಾವಣಿ ಸೋರಿ ಅವಳ ಶವಪೆಟ್ಟಿಗೆಯನ್ನು ಕಟ್ಟಿಟ್ಟು ಹತ್ತು ವರ್ಷವಾಗಿತ್ತು. ಈಗ ಹೊಸ ಕೋಣೆ ಸಿದ್ಧವಾಗುತ್ತಿದೆ, ಮೇ ತಿಂಗಳ ಮೊದಲ ವಾರ ಜನರಿಗೆ ತೆರೆಯುತ್ತಾರೆ. ನೀವಿಟ್ಟ ಹೆಸರೇ ಇನ್ನೂ ಇಲ್ಲಿ ನಡೆಯುತ್ತಿದೆ. ಹಲಗೆಯ ಮೇಲೆ ಬರೆದಿದ್ದ ಅವಳ ಹೆಸರನ್ನು ಹುಳು ತಿಂದು ‘ಮನೆಯೊಡತಿ’ ಎಂಬ ಬಿರುದೊಂದನ್ನೇ ಉಳಿಸಿರುವಾಗ ಬೇರೆ ಏನೆಂದು ಕರೆಯುವುದು?

ಆರು ಜನ ಸೇರಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ತೆಗೆದೆವು. ಪೂರ್ವದ ಹಲಗೆಯ ಆ ಎರಡು ಕಣ್ಣು. ಸತ್ತವಳು ಎಡಮಗ್ಗುಲಿಗೆ ಮಲಗಿ ಆ ಕಣ್ಣುಗಳ ಮೂಲಕ ಸೂರ್ಯ ಹುಟ್ಟುವುದನ್ನು ನೋಡಲಿ ಎಂದು ಬರೆದದ್ದು ಎಂದು ನೀವೇ ನನಗೆ ಹೇಳಿದ್ದು. ನನಗೆ ಆಗ ಆರು ವರ್ಷ. ಭಾನುವಾರ ಭಾನುವಾರ ಕರೆದುಕೊಂಡು ಹೋಗಿ, ನನ್ನನ್ನು ಆ ಕಣ್ಣಿನ ಎತ್ತರಕ್ಕೆ ಎತ್ತಿ ಹಿಡಿಯುತ್ತಿದ್ದಿರಿ. ಮೂರು ಸಾವಿರದ ಏಳುನೂರು ವರ್ಷದ ಕಪ್ಪು, ನಿನ್ನೆ ಹಚ್ಚಿದ ಹಾಗಿದೆ. ಬಾಯಿ ಮುಚ್ಚದ ನಮ್ಮ ಬಡಗಿ ಕೂಡ ತಲೆಯ ಟೋಪಿ ತೆಗೆದು, “ಮೇಡಂ, ಈಯಮ್ಮ ನಮ್ಮನ್ನೇ ನೋಡ್ತಿದಾರೆ, ಸ್ವಲ್ಪ ಸರಿಯಾಗಿ ನಿಂತ್ಕೊಳ್ಳಿ” ಎಂದು ಪಿಸುಗುಟ್ಟಿದ.

ಮಾರನೆಯ ದಿನ ಲಿಪಿ ಓದುವ ಪ್ರೊಫೆಸರ್ ಬಂದರು. ಕಣ್ಣುಗಳ ಕೆಳಗಿನ ಸಾಲುಗಳನ್ನು ಓದುತ್ತ ಓದುತ್ತ ನಿಂತುಬಿಟ್ಟರು. “ಈ ಹಕ್ಕಿಗಳಿಗೆ ಕಾಲು ಇರಬಾರದಲ್ಲ” ಅಂದರು. ಆ ಕಾಲದವರ ನಂಬಿಕೆಯಲ್ಲಿ ಪೆಟ್ಟಿಗೆಯ ಮೇಲಿನ ಅಕ್ಷರಕ್ಕೆ ಜೀವವಿದೆಯಂತೆ. ಗೂಬೆಯ ಅಕ್ಷರ ಎದ್ದು ಹೋಗಿ ಸತ್ತವಳಿಗಿಟ್ಟ ರೊಟ್ಟಿ ತಿಂದರೆ? ಹಾವಿನ ಅಕ್ಷರ ಹರಿದು ಬಂದು ಕಚ್ಚಿದರೆ? ಅದಕ್ಕೇ ಗೂಬೆಯನ್ನು, ಮರಿಹಕ್ಕಿಯನ್ನು ಕಾಲಿಲ್ಲದೆ ಬರೆಯುತ್ತಿದ್ದರು. ಹಾವನ್ನು ಬಾಲವಿಲ್ಲದೆ ಬರೆಯುತ್ತಿದ್ದರು. ತಾನು ಬರೆದ ಅಕ್ಷರಕ್ಕೆ ತಾನೇ ಹೆದರಿಕೊಂಡು ಬರೆದವನೊಬ್ಬ ಇದ್ದ. ಅವನ ಕುಂಚದ ಒಂದು ಕೂದಲು ಇನ್ನೂ ಆ ಬಣ್ಣಕ್ಕೆ ಅಂಟಿಕೊಂಡಿದೆ.

ಪರದೆ ಎಳೆದು ಅತಿನೇರಳೆ ದೀಪ ಹಾಕಿ ನೋಡಿದೆ. ಹನ್ನೊಂದು ಹಕ್ಕಿಗಳ ಕಾಲೂ ಕಪ್ಪಗೆ ಬೇರೆಯಾಗಿ ಕಂಡವು. ನಮ್ಮ ಕಾಲದವರು ಯಾರೋ ಸೇರಿಸಿದ್ದು. ಹಳೆಯ ಫೋಟೋ ಹುಡುಕಿದೆ. ಮೂವತ್ತೊಂದು ವರ್ಷದ ಹಿಂದಿನದರಲ್ಲಿ ಕಾಲಿಲ್ಲ, ಇಪ್ಪತ್ತೊಂಬತ್ತು ವರ್ಷದ ಹಿಂದೆ ಅಚ್ಚಾದ ನಮ್ಮ ಮ್ಯೂಸಿಯಂ ಪುಸ್ತಕದ ಮುಖಪುಟದಲ್ಲಿ ಕಾಲಿದೆ. ನಡುವಿನ ವರ್ಷದ ದಾಖಲೆ ಪುಸ್ತಕದಲ್ಲಿ ನಿಮ್ಮ ಅಕ್ಷರದಲ್ಲಿ ಇರುವುದು ಇಷ್ಟೇ: ‘ಧೂಳು ತೆಗೆದಿದೆ. ಎದ್ದ ಬಣ್ಣ ಕೂರಿಸಿದೆ.’

ಈ ದುರಸ್ತಿ ಕೋಣೆಯಲ್ಲಿ ಮೂವತ್ತು ವರ್ಷ ಕೂತವರು ನೀವು. ಆ ವರ್ಷ ನಿಮ್ಮ ಕೈಕೆಳಗೆ ಇಬ್ಬರು ಕೆಲಸ ಕಲಿಯುತ್ತಿದ್ದರಂತೆ. ಇದು ಅವರಲ್ಲಿ ಯಾವ ಪುಣ್ಯಾತ್ಮರ ಕಿತಾಪತಿ? ಪುಣ್ಯಕ್ಕೆ ಹಾವಿನ ತಂಟೆಗೆ ಹೋಗಿಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಮಗಳು


ಜನವರಿ 30

ಮಗಳೇ,

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ಇಲ್ಲಿ ಗಾಳಿ ಹೆಚ್ಚು. ಅಡುಗೆಮನೆಯ ಕಿಟಕಿ ಕೀಲು ಕಿತ್ತು ನೇತಾಡುತ್ತಿತ್ತು, ಅದನ್ನು ಕೂರಿಸುವುದರಲ್ಲಿ ದಿನ ಹೋಯಿತು. ನಿನ್ನ ಅತ್ತೆ ಪಕ್ಕದಲ್ಲೇ ನಿಂತು, “ಮ್ಯೂಸಿಯಂನಲ್ಲಿ ಮಾಡಿದ ಹಾಗೆ ಮಾಡ್ಬೇಡ, ಗಟ್ಟಿಯಾಗಿ ನಾಲ್ಕು ಮೊಳೆ ಹೊಡಿ” ಎಂದು ಬೈಯುತ್ತಿದ್ದಳು.

ಮನೆಯೊಡತಿ ಕ್ಷೇಮ ಎಂದು ಓದಿ ಸಂತೋಷವಾಯಿತು. ಪೂರ್ವದ ಹಲಗೆಯ ಬಲ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಬೆಳೆದಿದೆಯೇ ನೋಡು. ಐದನೆಯ ಗೂಬೆಯ ಎಡಗಣ್ಣಿನ ಹಳದಿ ಪುಡಿಯಾಗುತ್ತಿತ್ತು. ಅಲ್ಲಿ ಉಸಿರು ಬಿಡುವಾಗಲೂ ಎಚ್ಚರವಿರಲಿ.

ಕಾಲಿನ ವಿಷಯ ಕೇಳಿದ್ದೀಯ. ಆಗ ಆ ಕೋಣೆಯಲ್ಲಿ ಬಹಳ ಕೈಗಳು ಓಡಾಡುತ್ತಿದ್ದವು. ಮೂವತ್ತು ವರ್ಷದ ಮಾತು. ನೆನಪಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಫೆಬ್ರವರಿ 12

ಅಪ್ಪಾ,

ಬಿರುಕು ನೀವು ಹೇಳಿದಲ್ಲೇ ಇದೆ, ಬೆಳೆದಿಲ್ಲ. ಐದನೆಯ ಗೂಬೆಯ ಎಡಗಣ್ಣೂ ನೀವು ಹೇಳಿದ ಹಾಗೇ ಇದೆ. ನಿಮ್ಮ ನೆನಪಿಗೆ ಯಾರ ದೃಷ್ಟಿಯೂ ತಾಗದಿರಲಿ.

ಮೊನ್ನೆ ಸಭೆ ನಡೆಯಿತು. ತೊಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಹಳೆಯ ಬಣ್ಣಕ್ಕೆ ಬೆರೆಸಿರುವುದು ಮರದ ಗೋಂದು, ನೀರು ತಾಗಿದರೆ ಕರಗುತ್ತದೆ. ಕಾಲುಗಳನ್ನು ಬರೆದದ್ದು ಯಾವುದರಲ್ಲಿ, ಅವುಗಳ ಕೆಳಗೆ ಏನಿದೆ ಎಂಬುದು ದೀಪಕ್ಕೆ ಕಾಣುವುದಿಲ್ಲ. ಚೂರು ಕೆರೆದು ಪರೀಕ್ಷೆಗೆ ಕಳಿಸಲು ಅನುಮತಿಯಿಲ್ಲ. ನೀರಿನ ಹತ್ತಿ ಇಟ್ಟರೆ ಕಾಲಿನ ಜೊತೆಗೆ ಕೆಳಗಿರುವುದೂ ಎದ್ದು ಬಂದರೆ? ಅಲಗಿನಿಂದ ಕೆರೆಯೋಣ ಎಂದರೊಬ್ಬರು. ಹಾಗೇ ಬಿಟ್ಟು ಗಾಜು ಮುಚ್ಚೋಣ ಎಂದರು ಇನ್ನೊಬ್ಬರು. ಮಾರ್ಚ್ ಕೊನೆಯ ಒಳಗೆ ನಿರ್ಧಾರವಾಗಬೇಕು.

ಆ ಇಬ್ಬರು ಕಲಿಯುವವರಲ್ಲಿ ಒಬ್ಬರು ಈಗ ನಮ್ಮ ಮುಖ್ಯಸ್ಥೆ, ನಿಮಗೆ ಗೊತ್ತು. “ನಾನಂತೂ ಅಲ್ಲ. ಇನ್ನೊಬ್ಬ ಇದ್ದನಲ್ಲ, ಅವನ ಕೈ ಯಾವತ್ತೂ ಸುಮ್ನಿರ್ತಿರ್ಲಿಲ್ಲ” ಅಂದರು. ವರದಿಯ ಕರಡಿನಲ್ಲಿ ಅವನ ಹೆಸರನ್ನು ಬರೆದಿದ್ದಾರೆ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅವನು ಈ ಕೆಲಸ ಬಿಟ್ಟು ಬಹಳ ಕಾಲವಾಯಿತು. ಆ ಚಿಹ್ನೆ ಉದುರಿ ಹೆಸರೊಂದೇ ಉಳಿಯಲು ಎಷ್ಟು ದಿನ ಬೇಕು?

ನಿನ್ನೆ ಮಧ್ಯಾಹ್ನ ಒಬ್ಬಳೇ ಕೂತು ಆ ಕಾಲುಗಳ ಪ್ರತಿ ಬರೆದುಕೊಂಡೆ. ಒಂದೊಂದಕ್ಕೂ ಮೂರು ಬೆರಳು. ಕೊನೆಯ ಬೆರಳಿನ ತುದಿಯಲ್ಲಿ ಕುಂಚ ಎತ್ತುವಾಗ ಕೈ ಒಂದಿಷ್ಟು ಮೇಲಕ್ಕೆ ಹಾರುತ್ತದೆ. ನನ್ನ ಶಾಲೆಯ ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕಿ, ಅದರ ಮೇಲೆ ಯಾರೋ ಬಾತುಕೋಳಿ ಬರೆದುಕೊಡುತ್ತಿದ್ದರು. ಆ ಬಾತುಕೋಳಿಗಳ ಬೆರಳೂ ಹಾಗೇ ಹಾರುತ್ತಿತ್ತು.

ನಾನು ಬೇರೇನೂ ಕೇಳುತ್ತಿಲ್ಲ. ಕೆಳಗೆ ಏನಿದೆ ಎಂದು ಗೊತ್ತಿರುವವರು ಹೇಳಿದರೆ ಸಾಕು.

ಮಗಳು


ಮಾರ್ಚ್ 3

ಕೂಸೇ,

ಇದು ನಿನ್ನ ಅತ್ತೆ. ನನ್ನ ಅಕ್ಷರ ನಿನಗೆ ಹೊಸದು, ತಾಳ್ಮೆಯಿಂದ ಓದು.

ಏನೇ ಅದು ನಿನ್ನಪ್ಪನಿಗೆ ನೀನು ಬರೆದಿದ್ದು? ಎರಡು ವಾರದಿಂದ ಅವನು ಮನುಷ್ಯ ಮನುಷ್ಯನ ಹಾಗಿಲ್ಲ. ಹೊಸ ಕಾಗದದ ಕಟ್ಟು ತಂದು ಅರ್ಧ ಹರಿದು ಒಲೆಗೆ ಹಾಕಿದ್ದಾನೆ. ಅಂಚೆಯವನು ಗೇಟಿನ ಹತ್ತಿರ ಬಂದರೆ ಸಾಕು, ಎದ್ದು ಒಳಗೆ ಹೋಗುತ್ತಾನೆ. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಏನೋ ಗೀಚುತ್ತಾನೆ. “ಏನೋ ಅದು?” ಅಂದೆ. “ಹಕ್ಕಿ” ಅಂದ. “ಅರವತ್ತೊಂಬತ್ತು ವರ್ಷಕ್ಕೆ ಹಕ್ಕಿ ಆಟವೇನೋ ನಿಂಗೆ?” ಅಂದೆ. ನಗಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನ ಇರುತ್ತಿತ್ತು.

ಅವನು ಚಿಕ್ಕಂದಿನಿಂದಲೂ ಹೀಗೇ. ತಪ್ಪು ಮಾಡಿದರೆ ಯಾರೂ ಹೊಡೆಯಬೇಕಾಗಿರಲಿಲ್ಲ, ತಾನೇ ಹೋಗಿ ಮೂಲೆಯಲ್ಲಿ ನಿಲ್ಲುತ್ತಿದ್ದ. ಎಷ್ಟು ಹೊತ್ತಾದರೂ ಹೊರಗೆ ಬರುತ್ತಿರಲಿಲ್ಲ. ನಾನೇ ಕೈ ಹಿಡಿದು ಎಳೆಯಬೇಕಿತ್ತು. ಈ ಸಲ ನನ್ನ ಕೈಗೆ ಬರುತ್ತಿಲ್ಲ.

ಅತ್ತೆ


ಮಾರ್ಚ್ 14

ಮಗಳೇ,

ಬರೆದವನು ನಾನು. ಆ ಹುಡುಗನ ಹೆಸರನ್ನು ಕರಡಿನಿಂದ ಇವತ್ತೇ ಹೊಡೆದುಹಾಕಿಸು. ಉಳಿದದ್ದನ್ನು ಆಮೇಲೆ ಓದಿದರೂ ಆದೀತು.

ಮೊದಲು ನಿನಗೆ ಬೇಕಾದದ್ದು. ರಾಳವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಕಾಲು ಬರುವ ಜಾಗಕ್ಕೆ ಎರಡು ಸಲ ತೆಳ್ಳಗೆ ಹಚ್ಚಿದೆ. ಒಣಗಿದ ಮೇಲೆ ಅದರ ಮೇಲೆ ನೀರುಬಣ್ಣದಿಂದ ಕಾಲು ಬರೆದೆ. ನೀರಿನ ಹತ್ತಿ ಮೇಲಿನ ಕಾಲನ್ನು ಮಾತ್ರ ತೆಗೆಯುತ್ತದೆ, ರಾಳ ದಾಟಿ ಕೆಳಗಿಳಿಯುವುದಿಲ್ಲ. ಆಮೇಲೆ ರಾಳವನ್ನು ಸ್ಪಿರಿಟ್ಟಿನಿಂದ ತೆಗೆ. ಹಳೆಯ ಬಣ್ಣ ಗೋಂದಿನದು, ಸ್ಪಿರಿಟ್ಟಿಗೆ ಜಗ್ಗುವುದಿಲ್ಲ. ಏಳನೆಯ ಹಕ್ಕಿಗೆ ಮಾತ್ರ ರಾಳ ಒಂದೇ ಸಲ ಹಚ್ಚಿದ್ದೇನೆ. ಅಲ್ಲಿ ಹತ್ತಿಯನ್ನು ಚೆನ್ನಾಗಿ ಹಿಂಡು, ಉಜ್ಜಬೇಡ, ಉರುಳಿಸು.

ಆ ವರ್ಷ ಎದ್ದ ಬಣ್ಣ ಕೂರಿಸಲು ನಲವತ್ತು ದಿನ ಮನೆಯೊಡತಿಯ ಮುಂದೆ ಕೂತೆ. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಮೂರೆಳೆಯ ಕುಂಚ. ಅಷ್ಟು ಹತ್ತಿರ ಕೂತರೆ ಕಾಲ ಎನ್ನುವುದು ಗೊತ್ತಾಗುವುದಿಲ್ಲ. ಅಂದು ಆ ಅಕ್ಷರ ಬರೆದವನು ಎಲ್ಲಿ ಕುಂಚ ಅದ್ದಿದ, ಎಲ್ಲಿ ಬಣ್ಣ ಮುಗಿಯಿತು, ಎಲ್ಲಿ ಮತ್ತೆ ಅದ್ದಿದ, ಎಲ್ಲಾ ಕಾಣುತ್ತಿತ್ತು. ಗೂಬೆಯ ಎದೆಯ ಚುಕ್ಕೆಗಳನ್ನು ಉಸಿರು ಹಿಡಿದು ಇಟ್ಟಿದ್ದಾನೆ, ನಾಲ್ಕಕ್ಕೊಂದು ಸಲ ಉಸಿರು ಬಿಟ್ಟಿದ್ದಾನೆ. ನಾನೂ ಹಾಗೇ ಉಸಿರಾಡಲು ಶುರುಮಾಡಿದೆ. ಇಂಥ ಕೈ ಹನ್ನೊಂದು ಹಕ್ಕಿಗಳ ಕಾಲನ್ನು ಬರೆಯದೆ ಬಿಡಲಿಕ್ಕಿಲ್ಲ, ಅವು ಉದುರಿ ಹೋಗಿರಬೇಕು ಎಂದುಕೊಂಡೆ. ಮೂರು ದಿನ ಆಗಿನ ಮುಖ್ಯಸ್ಥರು ಊರಲ್ಲಿರಲಿಲ್ಲ. ಆ ಮೂರು ದಿನದಲ್ಲಿ ಬರೆದೆ. ಯಾಕೆ ಎಂದು ಇನ್ನಷ್ಟು ಕೇಳಬೇಡ. ಕಾರಣ ಹೇಳಲು ಹೊರಟರೆ ಅದು ನೆಪವಾಗುತ್ತದೆ.

ಬಣ್ಣ ಸೇರಿಸಲು ನನಗೆ ಅನುಮತಿ ಇರಲಿಲ್ಲ. ಅವರು ಬಂದ ಮೇಲೆ ಹೇಳಿ, ದಾಖಲೆ ಪುಸ್ತಕದಲ್ಲಿ ಬರೆಯೋಣ ಎಂದುಕೊಂಡಿದ್ದೆ. ಅವರು ಬಂದರು, ಹಲಗೆ ನೋಡಿದರು. “ಎಷ್ಟು ಚೆನ್ನಾಗಿ ಉಳ್ಕೊಂಡಿದೆ ನೋಡ್ರಿ” ಎಂದು ಎಲ್ಲರನ್ನೂ ಕರೆದರು. ಅವತ್ತು ಹೇಳಲಾಗಲಿಲ್ಲ. ಮುಂದಿನ ವಾರ ಫೋಟೋ ತೆಗೆಯುವವರು ಬಂದರು. ಅವತ್ತೂ ಆಗಲಿಲ್ಲ. ಮುಖಪುಟ ಅಚ್ಚಾಯಿತು. ಬಾಯಿ ತೆರೆಯುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಆದರೆ ಆಗ ನನ್ನ ಮನಸ್ಸಿನಲ್ಲಿದ್ದದ್ದು ಅನುಮತಿಯ ತಪ್ಪು ಮಾತ್ರ. ಬರೆದದ್ದು ಸರಿ ಎಂದೇ ಇದ್ದೆ.

ನಿನಗೆ ಹತ್ತು ವರ್ಷವಿದ್ದಾಗ ಹೊರಗಿನಿಂದ ಒಬ್ಬ ವಿದ್ವಾಂಸರು ಬಂದು ನಮ್ಮ ಸಭಾಂಗಣದಲ್ಲಿ ಉಪನ್ಯಾಸ ಕೊಟ್ಟರು. ನಾನು ಮೂರನೆಯ ಸಾಲಿನಲ್ಲಿದ್ದೆ. ಗೋಡೆಯ ಮೇಲೆ ಕಾಲಿಲ್ಲದ ಹಕ್ಕಿಗಳ ಚಿತ್ರ ಬಿತ್ತು. ಒಂದಾದ ಮೇಲೆ ಒಂದು, ಬೇರೆ ಬೇರೆ ಪೆಟ್ಟಿಗೆಗಳದ್ದು. ನಿನ್ನ ಪ್ರೊಫೆಸರ್ ನಿನಗೆ ಹೇಳಿದ್ದನ್ನೇ ಅವರೂ ಹೇಳಿದರು. ದೀಪ ಹತ್ತಿದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಅವನು ಅವಳನ್ನು ಕಾಯಲೆಂದು ಹಕ್ಕಿಗಳನ್ನು ಅಲುಗದಂತೆ ನಿಲ್ಲಿಸಿದ್ದ. ನಾನು ಹನ್ನೊಂದನ್ನೂ ಎಬ್ಬಿಸಿ ಬಿಟ್ಟೆ. ಇಪ್ಪತ್ತಾರು ವರ್ಷದಿಂದ ಇದು ಗೊತ್ತಿದ್ದೂ ಸುಮ್ಮನಿದ್ದೇನೆ. ಬರೆದದ್ದಕ್ಕಿಂತ ಇದು ದೊಡ್ಡದು. ಆ ಉಪನ್ಯಾಸದ ಮುಂದಿನ ಭಾನುವಾರ ನೀನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಆ ಕೋಣೆಗೆ ಬೀಗ ಹಾಕಿದ್ದಾರೆ ಎಂದೆ. ಬೀಗ ಹಾಕಿರಲಿಲ್ಲ.

ಈ ಕಾಗದವನ್ನು ಸಭೆಯಲ್ಲಿ ಓದು. ನನ್ನ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ ಬರೆಯಿರಿ.

ಅಪ್ಪ


ಮಾರ್ಚ್ 25

ಅಪ್ಪಾ,

ಸಭೆಯಲ್ಲಿ ಓದಿದೆ, ಪೂರ್ತಿಯಾಗಿ. ಚಪ್ಪಲಿಯ ಸಾಲನ್ನು ಮಾತ್ರ ಬಿಟ್ಟೆ, ಅದು ನನ್ನದು.

ನಿಮ್ಮ ಶಿಷ್ಯೆ ಮೊದಲು ನಕ್ಕರು. “ದಾಖಲೆ ಬರೀಲಿಲ್ಲ ಅಂದ್ರೆ ನಮಗೆ ಅವತ್ತು ಚಹಾ ಸಿಗ್ತಿರ್ಲಿಲ್ಲ. ಮುಟ್ಟೋಕ್ ಮುಂಚೆ ಬರೀರಿ, ಮುಟ್ಟಿದ್ಮೇಲೆ ಬರೀರಿ ಅಂತ ಜೀವ ತಿನ್ನೋರು” ಅಂದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತ ಕೂತರು. ಆ ಇನ್ನೊಬ್ಬನ ಹೆಸರನ್ನು ತಾವೇ ಹೊಡೆದುಹಾಕಿದರು. ನಿಮ್ಮ ಹೆಸರನ್ನು ನನ್ನ ಕೈಯಿಂದ ಬರೆಸಲಿಲ್ಲ, ಅದನ್ನೂ ತಾವೇ ಬರೆದರು.

ನನಗೆ ಸಿಟ್ಟು ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಒಂದು ಪೆಟ್ಟಿಗೆಯಲ್ಲಿ ಮಾತ್ರ ಹಕ್ಕಿಗಳಿಗೆ ಕಾಲು ಯಾಕಿದೆ ಎಂದು ನಮ್ಮ ಮುಖಪುಟ ನೋಡಿ ಒಬ್ಬರು ಇಪ್ಪತ್ತು ಪುಟದ ಲೇಖನ ಬರೆದಿದ್ದಾರೆ. ಈಗ ಅವರಿಗೆ ನಾನು ಕಾಗದ ಬರೆಯಬೇಕು. ಮ್ಯೂಸಿಯಂ ಮಾರಿದ ಆ ಹಕ್ಕಿಗಳ ಪೋಸ್ಟ್‌ಕಾರ್ಡುಗಳು ಎಷ್ಟು ಮನೆಯ ಗೋಡೆಯ ಮೇಲಿವೆಯೋ, ಆ ಲೆಕ್ಕ ಯಾರ ಹತ್ತಿರವೂ ಇಲ್ಲ. ಬೀಗದ ಮಾತನ್ನು ನಾನು ನಂಬಿದ್ದೆ, ಅಪ್ಪಾ. ನನ್ನ ಮೇಲೆ ಏನೋ ಬೇಸರವಾಗಿ ಕರೆದುಕೊಂಡು ಹೋಗುತ್ತಿಲ್ಲ ಎಂದು ಒಂದು ವರ್ಷ ಅಂದುಕೊಂಡಿದ್ದೆ, ಅದನ್ನೂ ಬರೆದುಬಿಡುತ್ತೇನೆ.

ಸೋಮವಾರ ಮೊದಲನೆಯ ಹಕ್ಕಿಯಿಂದ ಶುರುಮಾಡುತ್ತೇನೆ.

ಮಗಳು


ಏಪ್ರಿಲ್ 21

ಅಪ್ಪಾ,

ನೀವು ಹೇಳಿದ ಹಾಗೇ ಆಯಿತು. ಹತ್ತಿ ಉರುಳಿಸಿದರೆ ಕಂದು ಬಣ್ಣ ಏಳುತ್ತದೆ, ಕೆಳಗೆ ರಾಳ ತೆಳುವಾಗಿ ಹೊಳೆಯುತ್ತದೆ, ಅದರ ಕೆಳಗೆ ಬಿಳಿ ಲೇಪ ಒಂದು ಕಲೆಯೂ ಇಲ್ಲದೆ ಮಲಗಿದೆ. ತಪ್ಪನ್ನೂ ಇಷ್ಟು ಶುಚಿಯಾಗಿ ಮಾಡಿದವರನ್ನು ನಾನು ಕಂಡಿಲ್ಲ. ದಿನಕ್ಕೆ ಒಂದು ಹಕ್ಕಿಗಿಂತ ಹೆಚ್ಚು ಮುಟ್ಟಲಿಲ್ಲ. ಕಾಲು ಹೋದ ಹಾಗೆಲ್ಲ ಅವು ಹೇಗೆ ಕಾಣುತ್ತವೆ ಗೊತ್ತೇ? ಕುಂಟು ಎಂದು ಅನಿಸುವುದೇ ಇಲ್ಲ. ಕೆರೆಯ ನೀರಿನ ಮೇಲೆ ಕೂತ ಹಾಗೆ ಕಾಣುತ್ತವೆ, ನೀರು ಅಲ್ಲಾಡುತ್ತಿಲ್ಲ, ಅವುಗಳಿಗೂ ಎಲ್ಲಿಗೂ ಹೋಗಬೇಕಾಗಿಲ್ಲ. ಬಡಗಿ ಬಂದು ನೋಡಿ, “ಈಗ ನೋಡಿ, ಎಲ್ಲಾ ಬಾಯ್ಮುಚ್ಕೊಂಡು ಕೂತ್ಕೊಂಡ್ವು” ಅಂದ.

ಒಂಬತ್ತನೆಯ ಹಕ್ಕಿಯ ಹತ್ತಿರ ನನ್ನ ಕೈ ನಿಂತುಹೋಯಿತು.

ನಿಮ್ಮ ಕಾಲು ತೆಗೆದ ಮೇಲೆ ರಾಳದ ಕೆಳಗೆ ಒಂದು ಕೆಂಪು ಗೆರೆ ಕಂಡಿತು. ಎರಡು ಎಳ್ಳಿನಷ್ಟು ಉದ್ದ. ಮೊದಲು ನನ್ನ ಕಣ್ಣಿನ ದೋಷ ಎಂದುಕೊಂಡೆ. ಪ್ರೊಫೆಸರ್ ಬಂದರು, ಮುಖ್ಯಸ್ಥೆ ಬಂದರು, ಒಬ್ಬರಾದ ಮೇಲೊಬ್ಬರು ಭೂತಗನ್ನಡಿಗೆ ಬಗ್ಗಿದರು. ಸಂಶಯವಿಲ್ಲ. ಕಪ್ಪು ಹಾಕುವ ಮೊದಲು ಆ ಅಕ್ಷರ ಬರೆದವನು ಗುರುತಿಗೆ ಎಳೆದುಕೊಳ್ಳುತ್ತಿದ್ದ ಕಾವಿಯದೇ ಗೆರೆ ಅದು. ಗೂಬೆಯ ಹೊಟ್ಟೆಯಿಂದ ಕೆಳಗಿಳಿದಿದೆ, ಮೊಣಕಾಲು ಬರಬೇಕಾದಲ್ಲಿ ಥಟ್ಟನೆ ನಿಂತಿದೆ. ತುದಿಯಲ್ಲಿ ಬೆರಳಿನಿಂದ ಒರೆಸಲು ಹೋದ ಗುರುತೂ ಇದೆ.

ಬೇರೆ ಕಡೆ, ಬದುಕಿರುವವರ ಗೋಡೆಗಳ ಮೇಲೆ, ಅವನು ಸಾವಿರ ಗೂಬೆ ಬರೆದಿರಬೇಕು, ಕಾಲಿನ ಸಮೇತ. ಇಲ್ಲಿ ಅಭ್ಯಾಸದ ಮೇಲೆ ಕೈ ಹೋಗಿಬಿಟ್ಟಿದೆ. ಆಮೇಲೆ ಎಲ್ಲಿದ್ದೇನೆ ಎಂದು ನೆನಪಾಗಿದೆ. ಅವನಿಗೆ ಎದೆ ಧಸಕ್ಕೆಂದದ್ದು ಆ ಗೆರೆಯ ತುದಿಯಲ್ಲಿ ಇನ್ನೂ ಇದೆ. ನಾವು ಮೂರು ಜನ ಸರದಿಯಲ್ಲಿ ಮತ್ತೆ ಮತ್ತೆ ಬಗ್ಗಿ ನೋಡಿದೆವು. ಚಹಾ ಆರಿಹೋಯಿತು.

ಅವರು ಹೋದ ಮೇಲೆ ನಾನು ಬರೆದುಕೊಂಡಿದ್ದ ಪ್ರತಿಗಳನ್ನು ತೆಗೆದೆ. ನಿಮ್ಮ ಹನ್ನೊಂದು ಹಕ್ಕಿಗಳ ಕಾಲೂ ಒಂದೇ ಓರೆಯಲ್ಲಿವೆ. ಆ ಓರೆ ಈ ಕೆಂಪು ಗೆರೆಯದು. ನೀವು ಇದನ್ನು ನೋಡಿದ್ದಿರಿ. ಕಾಲುಗಳು ಇದ್ದವು, ಉದುರಿ ಹೋದವು ಎನ್ನುವುದಕ್ಕೆ ನಿಮ್ಮ ಬಳಿ ಸಾಕ್ಷಿಯಿತ್ತು. ಯಾವ ದುರಸ್ತಿಗಾರನಾದರೂ ನಂಬುವಂಥ ಸಾಕ್ಷಿ. ಅಷ್ಟುದ್ದದ ಕಾಗದದಲ್ಲಿ ಇದನ್ನು ಒಂದು ಸಾಲು ಯಾಕೆ ಬರೆಯಲಿಲ್ಲ?

ಮೇ 2, ಗುರುವಾರ, ಗಾಜು ಮುಚ್ಚುತ್ತಾರೆ.

ನಿಮ್ಮ ಮಗಳು


ಏಪ್ರಿಲ್ 27

ಮಗಳೇ,

ನೋಡಿದ್ದೆ.

ಅದನ್ನು ಕಂಡ ದಿನ ನನಗೆ ಅವನು ಎದುರಿಗೆ ಕೂತು ಅಪ್ಪಣೆ ಕೊಟ್ಟ ಹಾಗಾಯಿತು. ಒಂದು ಹಕ್ಕಿಯ ಅರ್ಧ ಕಾಲು ನೋಡಿ ಹನ್ನೊಂದಕ್ಕೆ ಪೂರ್ತಿ ಬರೆದೆ. ಉಳಿದ ಹತ್ತರಲ್ಲಿ ಅಂಥ ಗೆರೆ ಯಾಕಿಲ್ಲ ಎಂದು ಕೇಳಿಕೊಳ್ಳಲಿಲ್ಲ. ಒರೆಸಿದ ಗುರುತನ್ನು ಕೊಳೆ ಎಂದುಕೊಂಡೆ. ಬೇಕಾದದ್ದು ಕಂಡ ಮೇಲೆ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ.

ಹೇಳಿದ್ದರೆ ತಪ್ಪಿನ ಅರ್ಧ ಅವನ ತಲೆಗೆ ಹೋಗುತ್ತಿತ್ತು. ಎದ್ದು ಬಂದು ಅಲ್ಲ ಎನ್ನಲು ಅವನಿಲ್ಲ. ಅವನು ಕೈ ತಪ್ಪಿ ಎಳೆದ, ಎಳೆದದ್ದು ಗೊತ್ತಾದೊಡನೆ ನಿಲ್ಲಿಸಿದ. ನಾನು ಗೊತ್ತಾದ ಮೇಲೆ ಇಪ್ಪತ್ತಾರು ವರ್ಷ ತೆಗೆದುಕೊಂಡೆ. ನಾವಿಬ್ಬರೂ ಒಂದೇ ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಹೆದರಿಕೆ ಇತ್ತು.

ಆ ವರ್ಷ ನಿನ್ನ ಮೇಲೆ ನನಗೆ ಬೇಸರವಿರಲಿಲ್ಲ. ಒಂದು ದಿನವೂ ಇರಲಿಲ್ಲ. ಇದನ್ನು ಫೋನಿನಲ್ಲಿ ಹೇಳೋಣ ಎಂದು ಎರಡು ಸಲ ಎದ್ದೆ. ಬರೆದರೆ ಉಳಿಯುತ್ತದೆ ಎಂದು ಕೂತೆ.

ಬುಧವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ನಿನ್ನ ಅತ್ತೆಯೂ ಬರುತ್ತಾಳಂತೆ. “ನಿನ್ನನ್ನ ಮೂರು ತಿಂಗಳು ಊಟ ಬಿಡಿಸಿದ ಮಹರಾಯ್ತಿ ಯಾರು ಅಂತ ನಾನೂ ಒಂದ್ಸಲ ನೋಡ್ಬೇಕು” ಅನ್ನುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ದುರಸ್ತಿ ಕೋಣೆಗೆ ಬರುತ್ತೇವೆ. ಒಂಬತ್ತನೆಯ ಹಕ್ಕಿಯ ಮುಂದೆ ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಭೂತಗನ್ನಡಿಯನ್ನು ನೀನು ಹಿಡಿ.

ಅಪ್ಪ